ಮಂಗನ ಕಾಯಿಲೆಯ ಲಸಿಕೆ ಮತ್ತು ಕೊನೆಗಾರನ ತೋಳು

ರೋಗಾಣು ಯಾವುದೆಂದು ಗೊತ್ತಾದ ಮೇಲೂ ಲಸಿಕೆ, ಔಷಧ ಜನರ ಕೈಸೇರಲು ದಶಕಗಳು ಏಕೆ ಬೇಕು, ವಿಜ್ಞಾನಿಗಳು ಅಷ್ಟು ನಿಧಾನವೇ ಎಂದು ಕೇಳಿದ್ದೀರಿ. ನಾನು ವಿಜ್ಞಾನಿಯಲ್ಲ. ಸಾಗರ ತಾಲ್ಲೂಕಿನ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕನಾಗಿ ದುಡಿದು ನಿವೃತ್ತನಾದವನು. ಮಂಗನ ಕಾಯಿಲೆಯ ಲಸಿಕೆಯ ಪೆಟ್ಟಿಗೆ ಹೊತ್ತು ಮನೆಮನೆ ತಿರುಗಿದ್ದೇನೆ. ಆ ಒಂದು ರೋಗದ ಮಟ್ಟಿಗೆ ಉತ್ತರ ಹೇಳಬಲ್ಲೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು, ಮುಸುವಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗರು ಜ್ವರದಿಂದ ಹಾಸಿಗೆ ಹಿಡಿದರು. ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೇ ಎಂಬ ಭಯ ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಇದು ಉಣುಗು (ಮೈಗೆ ಅಂಟಿ ರಕ್ತ ಹೀರುವ ಸಣ್ಣ ಹುಳು) ಕಚ್ಚಿ ಹರಡುವ ಹೊಸ ವೈರಸ್ ಎಂದು ಕಂಡುಹಿಡಿದರು. ಅದೇ ಮಂಗನ ಕಾಯಿಲೆ. ಅದಕ್ಕೆ ಹೆಚ್ಚು ಕಾಲ ಬೇಕಾಗಲಿಲ್ಲ. ಆದ್ದರಿಂದ ವಿಜ್ಞಾನಿಗಳು ನಿಧಾನ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಈ ವೈರಸ್ಸಿಗೆ ರಷ್ಯಾದ ಕಾಡುಗಳ ಮಿದುಳು ಜ್ವರದ ವೈರಸ್ ಹತ್ತಿರದ ನೆಂಟ. ನೆಂಟನಿಗೆ ಮಾಡಿದ ಲಸಿಕೆ ಇಲ್ಲಿಯೂ ನಡೆದೀತು ಎಂದು ಅದನ್ನೇ ನಮ್ಮ ಜನರಿಗೆ ಹಾಕಿ ನೋಡಿದರು. ರಕ್ಷಣೆ ಸಿಗಲಿಲ್ಲ. ಕೋಳಿ ಭ್ರೂಣದ ಜೀವಕೋಶಗಳಲ್ಲಿ ಮಂಗನ ಕಾಯಿಲೆಯ ವೈರಸ್ಸನ್ನೇ ಬೆಳೆಸಿ, ಫಾರ್ಮಾಲಿನ್ ಎಂಬ ರಾಸಾಯನಿಕದಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಮಲೆನಾಡಿನಲ್ಲಿ ವ್ಯಾಪಕವಾಗಿ ಬಳಕೆಗೆ ಬಂದದ್ದು 1990ರ ಹೊತ್ತಿಗೆ.

ಎರಡು ಡೋಸ್ ಪಡೆದವರಲ್ಲಿ ಶೇ 90ಕ್ಕೂ ಹೆಚ್ಚು ರಕ್ಷಣೆ ಇದೆ ಎಂದು ಮೊದಲ ಅಧ್ಯಯನ ಹೇಳಿತ್ತು. 2005ರಿಂದ 2010ರವರೆಗಿನ ಅಂಕಿಅಂಶಗಳನ್ನು ಕೂಡಿಸಿ ನೋಡಿದಾಗ ಅದು ಶೇ 62ರಷ್ಟಕ್ಕೆ ಇಳಿದಿತ್ತು. ಬೂಸ್ಟರ್ ಕೂಡ ಪಡೆದವರಲ್ಲಿ ಶೇ 83ರಷ್ಟಿತ್ತು. ಅಂದರೆ ಲಸಿಕೆಯ ಬಲ ಇದ್ದದ್ದು ಮತ್ತೆ ಮತ್ತೆ ಹಾಕಿಸಿಕೊಳ್ಳುವುದರಲ್ಲಿ: ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರ್, ಆಮೇಲೆ ವರ್ಷಕ್ಕೊಂದರಂತೆ ಐದು ವರ್ಷ.

ಈ ಲೆಕ್ಕ ಕಾಗದದ ಮೇಲೆ ಸರಿ. ಆದರೆ ಆ ಸೂಜಿಮದ್ದು ಬಹಳ ನೋಯುತ್ತಿತ್ತು. ಉಣುಗಿನ ಕಾಲ ಶುರುವಾಗುವ ಮುನ್ನ ಎರಡೂ ಡೋಸ್ ಮುಗಿಯಬೇಕು, ಬೇಸಿಗೆಗಿಂತ ಮೊದಲೇ. ಅಡಿಕೆ ಕೊಯ್ಲು ಶುರುವಾಗುವುದೂ ಸರಿಸುಮಾರು ಆಗಲೇ. ಮರವೇರಿ ಅಡಿಕೆ ಗೊನೆ ಇಳಿಸುವ ಕೊನೆಗಾರ ಊದಿದ ತೋಳಿನಲ್ಲಿ ಮರ ಹತ್ತುವುದು ಹೇಗೆ? ಮೊದಲ ಡೋಸಿಗೆ ನಗುತ್ತಾ ತೋಳು ಚಾಚಿದವರು ಎರಡನೆಯ ಸಲ ನನ್ನನ್ನು ದೂರದಲ್ಲಿ ಕಂಡೇ ಹಿತ್ತಿಲಿನಿಂದ ತೋಟಕ್ಕೆ ಇಳಿದುಬಿಡುತ್ತಿದ್ದರು. ನನಗೆ ಅವರ ಮೇಲೆ ಎಂದೂ ಸಿಟ್ಟು ಬಂದಿಲ್ಲ. ಎರಡು ದಿನದ ಕೂಲಿ ಹೋದರೆ ಅದನ್ನು ತುಂಬಿಕೊಡುವವರು ಯಾರೂ ಇರಲಿಲ್ಲ.

ಉಣುಗು ತಡೆಯುವ ತೈಲದ ಕಥೆಯೂ ಹೀಗೆಯೇ. ಕೊಟ್ಟಿಗೆಗೆ ದರಕು (ಒಣಗಿದ ಎಲೆ) ತರಲು ಸೊಪ್ಪಿನ ಬೆಟ್ಟದ ಕಾಡಿಗೆ ಹೋಗುವ ಹೆಂಗಸರಿಗೆ ಅದನ್ನು ಹಂಚುತ್ತಿದ್ದೆವು. ಬೆವರಿನಲ್ಲಿ ಅದು ಎಷ್ಟು ಹೊತ್ತು ನಿಲ್ಲುತ್ತದೆ, ಅದೇ ಮೈಯಲ್ಲಿ ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳಬಹುದೇ ಎಂದು ಅವರು ಕೇಳುತ್ತಿದ್ದರು. ಸಂಶೋಧನೆ ಉತ್ತರಿಸಬೇಕಾದ ಪ್ರಶ್ನೆಗಳೇ ಅವು. ಅವನ್ನು ಬರೆದುಕೊಂಡು ಮೇಲಕ್ಕೆ ಕಳುಹಿಸಲು ನನ್ನ ವರದಿಯ ನಮೂನೆಯಲ್ಲಿ ಜಾಗವೇ ಇರಲಿಲ್ಲ.

2018–19ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ರೋಗ ಉಲ್ಬಣಿಸಿ ಸಾವುಗಳಾದವು. 2022ರಲ್ಲಿ ಹಳೆಯ ಲಸಿಕೆಯನ್ನು ನಿಲ್ಲಿಸಲಾಯಿತು. ಈ ವೈರಸ್ಸನ್ನೇ ಕೊಲ್ಲುವ ಔಷಧ ಇನ್ನೂ ಇಲ್ಲ. ಜ್ವರ, ನಿರ್ಜಲತೆ, ರಕ್ತಸ್ರಾವಗಳನ್ನು ನೋಡಿಕೊಳ್ಳುವುದೇ ಚಿಕಿತ್ಸೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಜೊತೆ ಸೇರಿ ಹೊಸ ಲಸಿಕೆಯ ಕೆಲಸದಲ್ಲಿ ತೊಡಗಿದೆ. ಅದು ಬೇಗ ಬರಲಿ ಎಂದು ಮನಸಾರೆ ಹಾರೈಸುತ್ತೇನೆ.

ನೀವು ಇಂಥ ಸಂಶೋಧನೆಯನ್ನು ಓದುತ್ತಿರುವವರಾದರೆ, ಅಡಿಕೆ ಕೊಯ್ಲಿನ ಹೊತ್ತಿಗೆ, ನವೆಂಬರಿನಲ್ಲಿ ಒಮ್ಮೆ ನಮ್ಮೂರಿಗೆ ಬನ್ನಿ. ಹೊಸ ಲಸಿಕೆಯ ಸುದ್ದಿ ಹೇಳಿದಾಗ ನಮ್ಮ ಪಕ್ಕದ ಮನೆಯ ಕೊನೆಗಾರ ಶೇಕಡಾವಾರು ಲೆಕ್ಕ ಕೇಳಲಿಲ್ಲ. "ಎಷ್ಟು ಸಲ ಹಾಕಿಸಿಕೊಳ್ಳಬೇಕು, ಮರುದಿನ ಮರ ಹತ್ತಬಹುದೇ?" ಎಂದು ಕೇಳಿದ.