ಆತಂಕದ ಮಾತ್ರೆ ನಿಲ್ಲಿಸಿ, ಯೋಗ-ನಡಿಗೆಯಿಂದಲೇ ನಿಧಾನವಾಗಿ ಸರಿಹೋಗಬಹುದೆ?

ನೀವು ಬರೆದಿರುವಂತೆ, ಮೂರು ತಿಂಗಳಿಂದ ಆತಂಕಕ್ಕೆ ಎಸ್ಸಿಟಾಲೊಪ್ರಾಮ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ, ಈಗ ಮನಸ್ಸು ಹಗುರವಾಗಿದೆ. ಯುಗಾದಿಯಿಂದ ಅದನ್ನು ಬಿಟ್ಟು ಐದು ಗಂಟೆಗೆ ಏಳುವುದು, ಯೋಗ, ನಡಿಗೆ, ಕಾಫಿ ಮತ್ತು ಸಕ್ಕರೆ ಬಿಡುವುದು, ಎಲ್ಲ ಶುರುಮಾಡಬೇಕು ಅಂದುಕೊಂಡಿದ್ದೀರಿ. ಯುಗಾದಿ ಇರುವಲ್ಲಿ ಸಂಕ್ರಾಂತಿ ಎಂದು ಬರೆದರೆ ಇದು ಪೂರ್ತಿ ನನ್ನದೇ ಪ್ರಶ್ನೆ. ಮಾತ್ರೆ ನಿಲ್ಲಿಸಬೇಡಿ. ಉಳಿದ ಐದರಲ್ಲಿ ಒಂದನ್ನು ಮಾತ್ರ ಶುರುಮಾಡಿ. ಯಾಕೆಂದು ಹೇಳುತ್ತೇನೆ.

ನಾನು ಸಹಕಾರಿ ಬ್ಯಾಂಕೊಂದರ ಕ್ಯಾಷ್ ಕೌಂಟರಿನಲ್ಲಿ ಕೂರುತ್ತೇನೆ. ಒಂದು ಆಗಸ್ಟ್ ತಿಂಗಳಲ್ಲಿ ನೋಟು ಎಣಿಸುತ್ತಿದ್ದಾಗ ಎದೆ ಡವಡವ ಹೊಡೆದುಕೊಳ್ಳಲು ಶುರುವಾಯಿತು. ಬೆರಳ ತುದಿ ಜೋಮು ಹಿಡಿದು, ನೋಟು ಬೆರಳಿಗೆ ಸಿಗುತ್ತಲೇ ಇರಲಿಲ್ಲ. ಇಸಿಜಿ ಮಾಡಿಸಿದೆ, ನಾರ್ಮಲ್. ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಎಂದು ಪ್ಯಾಂಟೊಪ್ರಜೋಲ್ ಬರೆದುಕೊಟ್ಟರು. ಎರಡು ತಿಂಗಳು ಖಾಲಿ ಹೊಟ್ಟೆಗೆ ಅದನ್ನೇ ನುಂಗಿದೆ. ಆ ಜೋಮು ಹೃದಯದ್ದೂ ಅಲ್ಲ, ಹೊಟ್ಟೆಯದ್ದೂ ಅಲ್ಲ. ಗಾಬರಿಯಲ್ಲಿ ಉಸಿರು ಜೋರಾದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಅದರಿಂದ ಬೆರಳು, ತುಟಿ ಜುಮ್ಮೆನ್ನುತ್ತವೆ. ಇದನ್ನು ನನಗೆ ಮೊದಲು ಬಿಡಿಸಿ ಹೇಳಿದ್ದು ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ, ಸರ್ಕಾರದ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ಕಿನ ಮನೋವೈದ್ಯರು. ಚೀಟಿ ಬರೆಯುವ ಮೊದಲು ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಏರಿದರೂ ಎದೆ ಹೀಗೇ ಬಡಿದುಕೊಳ್ಳುತ್ತದೆ. ಬಿ12 ಕಡಿಮೆಯಾದರೂ ಸುಸ್ತು, ಜೋಮು ಬರುತ್ತವೆ, ಸಸ್ಯಾಹಾರಿಗಳಲ್ಲಿ ಇದು ಸಾಮಾನ್ಯ. ನಿಮಗೆ ಈ ಮೂರು ಆಗಿಲ್ಲವಾದರೆ ಮುಂದಿನ ಭೇಟಿಯಲ್ಲಿ ಕೇಳಿ.

ಕೊಟ್ಟದ್ದು ಎಸ್ಸಿಟಾಲೊಪ್ರಾಮ್, ಮೊದಲ ವಾರ 5 ಮಿಲಿಗ್ರಾಂ, ಆಮೇಲೆ 10, ಬೆಳಿಗ್ಗೆ ತಿಂಡಿ ಆದ ಮೇಲೆ. ಜೊತೆಗೆ ರಾತ್ರಿಗೆ ಗಾಬರಿ ತಗ್ಗಿಸಿ ನಿದ್ದೆ ಬರಿಸುವ ಕ್ಲೋನಜೆಪಾಮ್ 0.25 ಮಿಲಿಗ್ರಾಂ, ಎರಡೇ ವಾರ. ಮೊದಲ ಹತ್ತು ದಿನ ಓಕರಿಕೆ, ಒಳಗೆಲ್ಲ ಒಂಥರಾ ತಳಮಳ. ಇದು ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ, ಆದರೆ ಬಹಳ ಮಂದಿ ಇಲ್ಲೇ ಬಿಟ್ಟುಬಿಡುತ್ತಾರೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಆರು ವಾರವೂ ಬೇಕು. ನನಗೆ ಗೊತ್ತಾದದ್ದು ಊಟದ ಡಬ್ಬಿಯಿಂದ. ಆಗಸ್ಟಿನಿಂದ ಅರ್ಧ ಚಪಾತಿ ಬಿಟ್ಟೇ ಮನೆಗೆ ಬರುತ್ತಿದ್ದ ಡಬ್ಬಿ, ನವೆಂಬರಿನ ಒಂದು ಗುರುವಾರ ಪೂರ್ತಿ ಖಾಲಿಯಾಗಿತ್ತು. ಮನೆಯಲ್ಲಿ ಅದನ್ನು ತೊಳೆಯುವಾಗ ಹೇಳಿದ ಮೇಲೆಯೇ ನನ್ನ ಗಮನಕ್ಕೆ ಬಂದದ್ದು.

ಈಗ ನನ್ನ ತಪ್ಪು. ಜನವರಿ 1ಕ್ಕೆ ನಡಿಗೆ ಶುರುಮಾಡಿದೆ, ದಿನಕ್ಕೆ ನಲವತ್ತು ನಿಮಿಷ. ಸಂಕ್ರಾಂತಿಯ ಮಾರನೆಯ ದಿನದಿಂದ ಮಾತ್ರೆ ನಿಲ್ಲಿಸಿದೆ, ಯಾರಿಗೂ ಹೇಳಲಿಲ್ಲ. ಚೆನ್ನಾಗಿದ್ದೇನೆ, ಚೆನ್ನಾಗಿರುವುದು ನಡೆಯುತ್ತಿರುವುದರಿಂದ, ಅಂದಮೇಲೆ ಮಾತ್ರೆ ಯಾಕೆ ಎಂಬುದು ನನ್ನ ಲೆಕ್ಕ. ಆ ಲೆಕ್ಕದಲ್ಲಿ ತಾರೀಖುಗಳೇ ತಪ್ಪಿದ್ದವು. ಡಬ್ಬಿ ಖಾಲಿಯಾದದ್ದು ನವೆಂಬರಿನಲ್ಲಿ, ನಡೆಯಲು ಶುರುಮಾಡಿದ್ದು ಜನವರಿಯಲ್ಲಿ. ಹದಿನೈದು ದಿನದ ನಡಿಗೆಗೆ ನಾನು ಕೊಟ್ಟ ಕೀರ್ತಿ ಅಕ್ಟೋಬರಿನಿಂದ ಕೆಲಸ ಮಾಡುತ್ತಿದ್ದ ಮಾತ್ರೆಯದ್ದು. ಎರಡು ಬದಲಾವಣೆಗಳನ್ನು ಎರಡು ವಾರದ ಅಂತರದಲ್ಲಿ ಮಾಡಿದರೆ ಯಾವುದರಿಂದ ಏನಾಯಿತು ಎಂದು ಆಮೇಲೆ ಯಾರೂ ಬಿಡಿಸಿ ಹೇಳಲಾರರು. ನೀವು ಒಂದೇ ದಿನ ಆರು ಬದಲಾವಣೆ ಮಾಡಹೊರಟಿದ್ದೀರಿ.

ಮೂರನೆಯ ದಿನ ಕೌಂಟರಿನಲ್ಲಿ ಪಕ್ಕಕ್ಕೆ ಕತ್ತು ತಿರುಗಿಸಿದಾಗ ತಲೆಯೊಳಗೆ ಸಣ್ಣಗೆ ಕರೆಂಟು ಹೊಡೆದಂತಾಯಿತು. ಅರ್ಧ ಸೆಕೆಂಡು, ಅಷ್ಟೇ. ಆಮೇಲೆ ದಿನಕ್ಕೆ ಹತ್ತಿಪ್ಪತ್ತು ಸಲ. ಐದನೆಯ ದಿನಕ್ಕೆ ತಲೆಸುತ್ತು, ರಾತ್ರಿಯಿಡೀ ಸ್ಪಷ್ಟವಾದ ವಿಚಿತ್ರ ಕನಸುಗಳು, ಕಾರಣವಿಲ್ಲದೆ ಅಳು, ಮನೆಯವರ ಮೇಲೆ ಸಿಡಿಮಿಡಿ. ನಡಿಗೆ ಜಾಸ್ತಿಯಾಗಿ ಬಿಪಿ ಇಳಿದಿದೆ ಎಂದುಕೊಂಡು ಓಆರ್‌ಎಸ್ ಕುಡಿದೆ. ಎರಡು ವಾರದಲ್ಲಿ ಅದೆಲ್ಲ ಇಳಿಯಿತು, ಗೆದ್ದೆ ಎಂದುಕೊಂಡೆ. ಮಾರ್ಚಿನ ವರ್ಷಾಂತ್ಯದ ಲೆಕ್ಕದ ಹೊತ್ತಿಗೆ ಹಳೆಯ ಡವಡವ, ಜೋಮು, ನಿದ್ದೆಗೇಡು ಎಲ್ಲ ಮೊದಲಿಗಿಂತ ಜೋರಾಗಿ ಬಂದವು. ಹನ್ನೊಂದು ದಿನ ರಜೆ ಹಾಕಬೇಕಾಯಿತು, ಅದೂ ಮಾರ್ಚಿನಲ್ಲಿ.

ಇಲ್ಲಿ ಆದದ್ದು ಒಂದಲ್ಲ, ಎರಡು. ಜನವರಿಯದ್ದು ಮಾತ್ರೆ ದಿಢೀರನೆ ನಿಂತದ್ದಕ್ಕೆ ದೇಹದ ಪ್ರತಿಕ್ರಿಯೆ. ಎಸ್ಸಿಟಾಲೊಪ್ರಾಮ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 30 ಗಂಟೆ ಬೇಕು, ಇನ್ನೊಂದು 30 ಗಂಟೆಗೆ ಕಾಲು ಭಾಗ. ವಾರದೊಳಗೆ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ಆದ್ದರಿಂದ ಈ ತೊಂದರೆ ಸಾಮಾನ್ಯವಾಗಿ ಎರಡನೆಯ ದಿನದಿಂದ ಐದನೆಯ ದಿನದೊಳಗೆ ತಲೆ ಎತ್ತುತ್ತದೆ. ಮಾರ್ಚಿನದ್ದು ಕಾಯಿಲೆಯೇ ಮರಳಿದ್ದು. ಅದು ವಾರ, ತಿಂಗಳು ಬಿಟ್ಟು ಮೆಲ್ಲಗೆ ಬರುತ್ತದೆ, ಅದರಲ್ಲಿ ಕರೆಂಟು ಹೊಡೆದಂತಾಗುವುದಿಲ್ಲ, ನಿಮ್ಮ ಹಳೆಯ ಲಕ್ಷಣಗಳೇ ಇರುತ್ತವೆ. ಮೊದಲನೆಯದನ್ನೇ ಕಾಯಿಲೆ ಎಂದುಕೊಂಡವರು ಜನ್ಮಪೂರ್ತಿ ಮಾತ್ರೆ ಬೇಕೇನೋ ಎಂದು ಹೆದರುತ್ತಾರೆ. ಎರಡನೆಯದನ್ನು ಬರೀ ಕೆಲಸದ ಒತ್ತಡ ಎಂದುಕೊಂಡು ನಾನು ಮೂರು ವಾರ ಸುಮ್ಮನೆ ಕಳೆದೆ.

ಮನೆಯಲ್ಲಿ ಹಿರಿಯರು ‘ಆ ಮಾತ್ರೆ ಅಭ್ಯಾಸ ಆಗಿಬಿಡುತ್ತೆ’ ಎನ್ನುತ್ತಾರೆ. ಆ ಮಾತು ಕ್ಲೋನಜೆಪಾಮ್‌ಗೆ ಸರಿ. ಅದನ್ನು ಡಾಕ್ಟರು ಹೇಳಿದ ದಿನಕ್ಕಿಂತ ಮುಂದುವರಿಸಬಾರದು, ತಿಂಗಳುಗಟ್ಟಲೆ ತೆಗೆದುಕೊಂಡಿದ್ದರೆ ಒಮ್ಮೆಲೇ ನಿಲ್ಲಿಸಲೂಬಾರದು. ಎಸ್ಸಿಟಾಲೊಪ್ರಾಮ್‌ಗೆ ಆ ಬಗೆಯ ಚಟ ಇಲ್ಲ, ಇನ್ನೂ ಬೇಕು ಇನ್ನೂ ಬೇಕು ಎನ್ನಿಸುವುದಿಲ್ಲ. ದೇಹ ಅದಕ್ಕೆ ಹೊಂದಿಕೊಂಡಿರುತ್ತದೆ, ಹಾಗಾಗಿ ಇಳಿಸುವಾಗ ಮೆಟ್ಟಿಲು ಬೇಕು.

ಏಪ್ರಿಲಿನಲ್ಲಿ ಅದೇ ಡಾಕ್ಟರ ಹತ್ತಿರ ಹೋದೆ. ಬೈಯಲಿಲ್ಲ. ಮತ್ತೆ 10ಕ್ಕೆ ತಂದರು. ಪೂರ್ತಿ ಗುಣ ಕಂಡ ದಿನದಿಂದ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು, ಗುಳಿಗೆ ಹಿಡಿದ ದಿನದಿಂದ ಅಲ್ಲ ಎಂದರು. ಈ ಒಂದು ವಾಕ್ಯ ಮೊದಲೇ ಕಿವಿಗೆ ಬಿದ್ದಿದ್ದರೆ ಆ ಮಾರ್ಚ್ ನನಗೆ ಬರುತ್ತಿರಲಿಲ್ಲ. ಇಳಿಸಿದ್ದು ಮುಂದಿನ ವರ್ಷ ಮೇ ತಿಂಗಳಿನಲ್ಲಿ, ಲೆಕ್ಕದ ಗಲಾಟೆ ಮುಗಿದ ಮೇಲೆ: 10ರಿಂದ 5, ನಾಲ್ಕು ವಾರ, 5ರಿಂದ 2.5, ಆರು ವಾರ, ಆಮೇಲೆ ನಿಲುಗಡೆ. ಕೊನೆಯ ಮೆಟ್ಟಿಲುಗಳು ಉದ್ದವಾಗಿರುವುದಕ್ಕೆ ಕಾರಣವಿದೆ. ಸಣ್ಣ ಪ್ರಮಾಣವೂ ಮಿದುಳಿನಲ್ಲಿ ದೊಡ್ಡ ಪಾಲು ಕೆಲಸ ಮಾಡುತ್ತಿರುತ್ತದೆ, ಹಾಗಾಗಿ 10ರಿಂದ 5ಕ್ಕೆ ಇಳಿದಾಗ ಅಷ್ಟಾಗಿ ತಿಳಿಯುವುದಿಲ್ಲ, 5ರಿಂದ ಸೊನ್ನೆಗೆ ಇಳಿದಾಗ ಚೆನ್ನಾಗಿ ತಿಳಿಯುತ್ತದೆ. ದಿನ ಬಿಟ್ಟು ದಿನ ತೆಗೆದುಕೊಂಡು ಇಳಿಸುವುದು ಬೇಡ, ರಕ್ತದ ಮಟ್ಟ ಮೇಲೆ ಕೆಳಗೆ ಆಗುತ್ತಲೇ ಇರುತ್ತದೆ. ಪ್ರಮಾಣ ತಗ್ಗಿಸಿ, ದಿನ ತಪ್ಪಿಸಬೇಡಿ. ಇದು ನನ್ನ ಚೀಟಿ. ನಿಮ್ಮದು ನಿಮ್ಮ ಡಾಕ್ಟರದ್ದು.

‘ಮಾತ್ರೆಯೋ, ನೈಸರ್ಗಿಕವೋ’ ಎಂದು ಕೇಳಿದ್ದೀರಿ. ಆ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮಾತ್ರೆ ನಿಮಗೆ ಆಸರೆಯಾಗಿರುವ ಈ ತಿಂಗಳುಗಳೇ ಅಭ್ಯಾಸಗಳನ್ನು ಕಟ್ಟಿಕೊಳ್ಳುವ ಸಮಯ. ಎರಡೂ ಜೊತೆಗೇ ನಡೆಯಬೇಕು.

ಐದು ಗಂಟೆಗೆ ಏಳುವ ಯೋಚನೆ ಬಿಡಿ. ಹನ್ನೊಂದೂವರೆಗೆ ಮಲಗಿ ಐದಕ್ಕೆ ಎದ್ದರೆ ಐದೂವರೆ ಗಂಟೆಯ ನಿದ್ದೆ, ಆತಂಕ ಇರುವವರಿಗೆ ಅದು ಬೆಂಕಿಗೆ ತುಪ್ಪ. ಈಗ ಏಳೂಕಾಲಿಗೆ ಏಳುತ್ತಿದ್ದರೆ ಏಳು ಗಂಟೆ ಮಾಡಿ, ಒಂದು ವಾರ ಅಲ್ಲೇ ನಿಲ್ಲಿ, ಮತ್ತೆ ಹದಿನೈದು ನಿಮಿಷ ಹಿಂದಕ್ಕೆ ತನ್ನಿ. ಭಾನುವಾರವೂ ಅದೇ ಸಮಯ. ಶನಿವಾರ ರಾತ್ರಿ ತಡವಾಗಿ ಮಲಗಿದರೂ ಏಳುವುದು ಮಾತ್ರ ತಪ್ಪಬಾರದು. ಎದ್ದ ಕೂಡಲೇ ಅಂಗಳ, ಬಾಲ್ಕನಿ, ತಾರಸಿ, ಎಲ್ಲಾದರೂ ಇಪ್ಪತ್ತು ನಿಮಿಷ ಹೊರಗಿನ ಬೆಳಕಿನಲ್ಲಿರಿ. ಮೋಡವಿದ್ದರೂ ಟ್ಯೂಬ್‌ಲೈಟಿಗಿಂತ ಅದು ಎಷ್ಟೋ ಪಾಲು ಹೆಚ್ಚು. ಮಲಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹಾಸಿಗೆಯಿಂದ ಎದ್ದು ಬನ್ನಿ, ಮಂದ ಬೆಳಕಿನಲ್ಲಿ ಕೂತಿದ್ದು, ಕಣ್ಣು ಎಳೆದಾಗ ಮಾತ್ರ ಹೋಗಿ. ಹೊರಳಾಡುತ್ತ ಗಡಿಯಾರ ನೋಡುವುದನ್ನು ರೂಢಿ ಮಾಡಿಕೊಂಡರೆ ಹಾಸಿಗೆ ಕಂಡೊಡನೆ ಎಚ್ಚರವಾಗತೊಡಗುತ್ತದೆ. ನನ್ನ ಅನುಭವದಲ್ಲಿ ಮೊದಲ ಎರಡು ತಿಂಗಳಿಗೆ ಇದೊಂದೇ ಸಾಕು.

ಕಾಫಿ ಒಮ್ಮೆಲೇ ಬಿಟ್ಟರೆ ತಲೆನೋವು ಬರುತ್ತದೆ, ಅದನ್ನೂ ಕಾಯಿಲೆ ಎಂದು ಎಣಿಸಿಬಿಡುತ್ತೀರಿ. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ. ನಾಲ್ಕು ಗಂಟೆಗೆ ಕುಡಿದ ಫಿಲ್ಟರ್ ಕಾಫಿಯ ಅರ್ಧ ರಾತ್ರಿ ಒಂಬತ್ತಕ್ಕೂ ಒಳಗೇ ಇರುತ್ತದೆ. ಮೊದಲು ಮಧ್ಯಾಹ್ನ ಎರಡರ ನಂತರದ ಲೋಟ ತೆಗೆಯಿರಿ, ಬೆಳಗಿನದನ್ನು ಮುಟ್ಟಬೇಡಿ.

ನಡಿಗೆಯನ್ನು ನಲವತ್ತು ನಿಮಿಷದಿಂದ ಶುರುಮಾಡಿ ನಾನು ಕೆಟ್ಟೆ. ಎರಡನೆಯ ಸಲ ಹತ್ತೇ ನಿಮಿಷ, ಮಧ್ಯಾಹ್ನದ ಊಟದ ಡಬ್ಬಿ ಮುಚ್ಚಿದ ಕೂಡಲೇ, ಬ್ಯಾಂಕಿನ ಕಾಂಪೌಂಡು ಸುತ್ತ. ಹೀಗೆ ದಿನಾ ನಡೆಯುವ ಒಂದು ಕೆಲಸಕ್ಕೆ ಕಟ್ಟಿಹಾಕಿದರೆ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಮೂರು ವಾರಕ್ಕೊಮ್ಮೆ ಐದು ನಿಮಿಷ ಸೇರಿಸಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150 ನಿಮಿಷ, ಅಲ್ಲಿಗೆ ತಲುಪಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಇಪ್ಪತ್ತೊಂದು ದಿನಕ್ಕೆ ಅಭ್ಯಾಸವಾಗುತ್ತದೆ ಎಂದು ನೀವು ಬರೆದಿದ್ದೀರಿ, ಅದನ್ನು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಅಭ್ಯಾಸ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು, ಅಂದಾಜಿನ ವ್ಯಾಪ್ತಿ 18ರಿಂದ 254 ದಿನ. ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ ಎಂಬುದೂ ಅದರಲ್ಲೇ ಇದೆ. ಜುಲೈ ಮಳೆಯಲ್ಲಿ ನನಗೆ ಒಂಬತ್ತು ದಿನ ತಪ್ಪಿತು. ಹತ್ತನೆಯ ದಿನ ಐದು ನಿಮಿಷದಿಂದ ಮತ್ತೆ ಹಿಡಿದೆ.

ಯೋಗ ಮಾಡಿ, ಆದರೆ ಎದೆ ಡವಡವ ಎನ್ನುವ ಕಾಲದಲ್ಲಿ ಕಪಾಲಭಾತಿ, ಭಸ್ತ್ರಿಕಾ ಬೇಡ. ವೇಗದ ಉಸಿರಾಟ ಗಾಬರಿಯ ಲಕ್ಷಣಗಳನ್ನೇ ಎಬ್ಬಿಸಬಹುದು. ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ, ಐದು ನಿಮಿಷ. ಇದನ್ನು ಚೆನ್ನಾಗಿರುವಾಗಲೇ ದಿನಾ ಮಾಡಿಟ್ಟುಕೊಳ್ಳಿ, ಗಾಬರಿ ಬಂದಾಗ ಹೊಸದಾಗಿ ಕಲಿಯಲು ಆಗುವುದಿಲ್ಲ. ಸಕ್ಕರೆಯ ಬಗ್ಗೆ ಈ ವರ್ಷ ತಲೆ ಕೆಡಿಸಿಕೊಳ್ಳಬೇಡಿ.

ನನ್ನಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ದಿನಕ್ಕೆ ಒಂದೇ ಸಾಲು: ‘ಎದ್ದದ್ದು 6.30, ಕಾಫಿ 2, ನಡಿಗೆ 15, ಎದೆ 3’. ಕೊನೆಯದು ಹತ್ತಕ್ಕೆ ಎಷ್ಟು ಬಿಗಿತ ಎಂದು. ಭಾನುವಾರ ಮಾತ್ರ ಏಳು ಸಾಲು ಒಟ್ಟಿಗೆ ಓದುತ್ತೇನೆ, ದಿನದಿನವೂ ನೋಡಿದರೆ ಅಂಕಿಯೇ ಆತಂಕ ತರುತ್ತದೆ. ಹೊಸ ಅಭ್ಯಾಸ ಶುರುಮಾಡಿದ ದಿನ, ಮಾತ್ರೆಯ ಪ್ರಮಾಣ ಬದಲಾದ ದಿನ ಪಕ್ಕದಲ್ಲಿ ಕೆಂಪು ಚುಕ್ಕೆ. ಎರಡು ಚುಕ್ಕೆಗಳ ನಡುವೆ ಕನಿಷ್ಠ ನಾಲ್ಕು ವಾರ ಇರಬೇಕು. ಡಾಕ್ಟರ ಮುಂದೆ ಕೂತಾಗ ‘ಪರವಾಗಿಲ್ಲ ಸಾರ್’ ಎನ್ನುವುದಕ್ಕಿಂತ ಆ ಪುಟ ತೋರಿಸುವುದು ಎಷ್ಟೋ ಮೇಲು.

ನಿಧಾನ ಸಲ್ಲದ ಸಂದರ್ಭವೂ ಇದೆ. ಬದುಕು ಬೇಡ ಎಂಬ ಯೋಚನೆ ಬಂದರೆ, ಅಥವಾ ಮೂರ್ನಾಲ್ಕು ದಿನ ನಿದ್ದೆ, ಊಟ ಎರಡೂ ನಿಂತರೆ, ಮುಂದಿನ ಮಂಗಳವಾರಕ್ಕೆ ಕಾಯಬೇಡಿ. ಆ ಹೊತ್ತೇ ಮನೆಯವರಿಗೆ ಹೇಳಿ ಆಸ್ಪತ್ರೆಗೆ ಹೋಗಿ. 14416 ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾದದ್ದು, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹಬ್ಬದ ಮುಂಚೆ ಡಾಕ್ಟರನ್ನು ನೋಡಿ ಮೂರು ಕೇಳಿಕೊಂಡು ಬನ್ನಿ: ನನಗೆ ಪೂರ್ತಿ ಗುಣ ಎಂದು ನೀವು ಲೆಕ್ಕ ಹಾಕುವುದು ಯಾವ ತಿಂಗಳಿಂದ, ಇಳಿಸುವುದು ಯಾವ ಮೆಟ್ಟಿಲುಗಳಲ್ಲಿ, ಒಂದು ದಿನ ಮರೆತರೆ ಏನು ಮಾಡಬೇಕು. ಇವತ್ತು ರಾತ್ರಿ ಸ್ಟ್ರಿಪ್ ತೆಗೆದು ಎಷ್ಟು ಗುಳಿಗೆ ಉಳಿದಿವೆ ಎಣಿಸಿ. ಹತ್ತಕ್ಕಿಂತ ಕಡಿಮೆ ಇದ್ದರೆ ನಾಳೆಯೇ ತಂದಿಟ್ಟುಕೊಳ್ಳಿ. ಯುಗಾದಿಗೆ ಊರಿಗೆ ಹೋದಾಗ ಅಲ್ಲಿನ ಮೆಡಿಕಲ್ ಶಾಪಿನಲ್ಲಿ ಈ ಮಾತ್ರೆ ಸಿಗದೆ ಹೋಗಬಹುದು, ಚೀಟಿಯನ್ನೂ ಬ್ಯಾಗಿನಲ್ಲೇ ಇಟ್ಟುಕೊಂಡಿರಿ.