ರಕ್ತನಾಳ ತಡೆಯುವ ಔಷಧಿ ಕೊಟ್ಟರೆ ರೇಡಿಯೇಷನ್‌ಗೆ ತೊಂದರೆ ಆಗುತ್ತಾ?

ಪ್ರಶ್ನೆ: ನನ್ನ ಅಣ್ಣನಿಗೆ ಮೆದುಳಿನಲ್ಲಿ ಗ್ಲಿಯೋಬ್ಲಾಸ್ಟೋಮಾ ಗಡ್ಡೆ. ಆಪರೇಷನ್ ಆಗಿದೆ, ಇನ್ನೇನು ರೇಡಿಯೇಷನ್ ಶುರುವಾಗಬೇಕು. ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಬೆವಾಸಿಝುಮ್ಯಾಬ್ ಔಷಧಿಯನ್ನೂ ಜೊತೆಗೆ ಕೊಡಿಸಿ ಎಂದು ಪರಿಚಯದವರು ಹೇಳಿದರು. ಆದರೆ ರೇಡಿಯೇಷನ್ ಕೆಲಸ ಮಾಡಲು ಆಕ್ಸಿಜನ್ ಬೇಕು ಅಂತ ಓದಿದ್ದೇನೆ. ರಕ್ತನಾಳವನ್ನೇ ತಡೆದರೆ ಆಕ್ಸಿಜನ್ ಎಲ್ಲಿಂದ ಬರಬೇಕು?

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ವಿಜ್ಞಾನಿಗಳನ್ನೂ ಇದೇ ಪ್ರಶ್ನೆ ವರ್ಷಗಟ್ಟಲೆ ಕಾಡಿದೆ.

ರೇಡಿಯೇಷನ್ ಜೀವಕೋಶದ ಡಿಎನ್‌ಎಯನ್ನು ಮುರಿಯುತ್ತದೆ. ಆಕ್ಸಿಜನ್ ಇದ್ದರೆ ಆ ಮುರಿತ ಗಟ್ಟಿಯಾಗಿ ಉಳಿಯುತ್ತದೆ. ಆಕ್ಸಿಜನ್ ಇಲ್ಲದ ಕೋಶವನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ಜಾಸ್ತಿ ಡೋಸ್ ಬೇಕಾಗುತ್ತದೆ.

ಹೊಸ ರಕ್ತನಾಳ ಇಲ್ಲದೆ ಗಡ್ಡೆ ಒಂದೆರಡು ಮಿಲಿಮೀಟರ್‌ಗಿಂತ ದೊಡ್ಡದಾಗಲಾರದು, ಹಾಗಾಗಿ ಅದನ್ನು ತಡೆಯೋಣ ಎಂದು 1971ರಲ್ಲಿ ಅಮೆರಿಕದ ವೈದ್ಯ ಜುಡಾ ಫೋಕ್‌ಮನ್ ಹೇಳಿದರು. ಆದರೆ ಗಡ್ಡೆಯೊಳಗಿನ ರಕ್ತನಾಳಗಳನ್ನು ಹತ್ತಿರದಿಂದ ನೋಡಿದರೆ ಆಶ್ಚರ್ಯ ಆಗುತ್ತದೆ. ಅವು ಅಡ್ಡಾದಿಡ್ಡಿ, ಕೆಲವು ಎಲ್ಲಿಗೂ ಹೋಗಿ ಸೇರುವುದಿಲ್ಲ, ಗೋಡೆಯಲ್ಲಿ ಸಂದುಗಳಿದ್ದು ನೀರು ಸೋರಿ ಸುತ್ತ ಒತ್ತಡ ಏರುತ್ತದೆ, ಅದರಿಂದ ರಕ್ತ ಸರಿಯಾಗಿ ಹರಿಯುವುದಿಲ್ಲ. ಇಷ್ಟೊಂದು ರಕ್ತನಾಳ ಇದ್ದೂ ಒಳಗೆ ಆಕ್ಸಿಜನ್ ಕಡಿಮೆ! ಔಷಧಿ ಕೊಟ್ಟಾಗ ಬಲವಿಲ್ಲದ ನಾಳಗಳು ಉದುರಿ, ಉಳಿದವು ಸ್ವಲ್ಪ ನೇರವಾಗುತ್ತವೆ, ಸೋರಿಕೆ ನಿಲ್ಲುತ್ತದೆ. ಕೆಲವು ದಿನ ಆಕ್ಸಿಜನ್ ಹೆಚ್ಚಲೂಬಹುದು. 2001ರಲ್ಲಿ ಕ್ಯಾನ್ಸರ್ ಸಂಶೋಧಕ ರಾಕೇಶ್ ಜೈನ್ ಮುಂದಿಟ್ಟ ವಿಚಾರ ಇದು. ಆದರೆ ಆ ಅವಧಿ ಚಿಕ್ಕದು. ಡೋಸ್ ಜಾಸ್ತಿಯಾದರೆ ಅಥವಾ ತುಂಬಾ ದಿನ ಮುಂದುವರಿದರೆ ನಾಳಗಳೇ ಕಡಿಮೆಯಾಗಿ ನೀವು ಹೆದರಿದ ಹಾಗೇ ಆಗಬಹುದು.

ಸರಿ, ರೋಗಿಗಳಲ್ಲಿ ಏನಾಯಿತು? ನಿಮ್ಮ ಅಣ್ಣನಿಗಿರುವ ಕಾಯಿಲೆಯಲ್ಲೇ ಎರಡು ದೊಡ್ಡ ಅಧ್ಯಯನಗಳ ಫಲಿತಾಂಶ 2014ರಲ್ಲಿ ಬಂತು. ಆರು ವಾರಗಳ ರೇಡಿಯೇಷನ್ ಮತ್ತು ಟೆಮೊಝೊಲೊಮೈಡ್ ಎಂಬ ಕೀಮೋ ಮಾತ್ರೆಯ ಜೊತೆ ಈ ಔಷಧಿ ಸೇರಿಸಿದರು. ಗಡ್ಡೆ ಮತ್ತೆ ಬೆಳೆಯುವುದು ಮೂರ್ನಾಲ್ಕು ತಿಂಗಳು ಮುಂದಕ್ಕೆ ಹೋಯಿತು, ಆದರೆ ಆಯಸ್ಸು ಹೆಚ್ಚಲಿಲ್ಲ. ಇದನ್ನು ಬರೆಯಲು ಬೇಜಾರಾಗುತ್ತದೆ, ಆದರೆ ಮುಚ್ಚಿಡುವುದು ಸರಿಯಲ್ಲ. ಇನ್ನೊಂದು ವಿಷಯ: ಔಷಧಿ ಸೋರಿಕೆ ನಿಲ್ಲಿಸುವುದರಿಂದ ಎಂಆರ್‌ಐನಲ್ಲಿ ಬೆಳ್ಳಗೆ ಕಾಣುವ ಭಾಗ ಚಿಕ್ಕದಾಗುತ್ತದೆ. ಗಡ್ಡೆ ನಿಜವಾಗಿ ಕುಗ್ಗಿರಬೇಕು ಅಂತೇನಿಲ್ಲ.

ಹಾಗಾಗಿ ಮೊದಲ ದಿನದಿಂದಲೇ ಎಲ್ಲರಿಗೂ ಇದನ್ನು ಕೊಡುವುದಿಲ್ಲ. ಆದರೂ ಇದು ಸುಮ್ನೆ ಬಿಟ್ಟುಬಿಡುವ ಔಷಧಿಯಲ್ಲ. ಗಡ್ಡೆ ಮರಳಿ ಬಂದಾಗ, ಅಥವಾ ರೇಡಿಯೇಷನ್‌ನಿಂದಲೇ ಮೆದುಳು ಊದಿಕೊಂಡಾಗ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ, ಎಷ್ಟೋ ಜನರಿಗೆ ಊತ ಇಳಿಸಲು ಕೊಡುವ ಸ್ಟೀರಾಯ್ಡ್ ಕಡಿಮೆ ಮಾಡಲು ಸಾಧ್ಯವಾಗುತ್ತದೆ.

ಈಗಲೇ ಕೊಡಬೇಕೆಂದು ನಿಮ್ಮ ಡಾಕ್ಟರೇ ಹೇಳಿದರೆ ಕಾರಣ ಕೇಳಿ: ಊತಕ್ಕೋ, ಗಡ್ಡೆಗೋ? ಇದು ಗಾಯ ಮಾಯುವುದನ್ನು ತಡಮಾಡುತ್ತದೆ, ಆದ್ದರಿಂದ ಆಪರೇಷನ್ ಆಗಿ ಕನಿಷ್ಠ 28 ದಿನ ಕಾಯಬೇಕು. ಹೊಲಿಗೆ ಜಾಗ ಇನ್ನೂ ಕೆಂಪಗಿದ್ದರೆ ಅಥವಾ ಅಲ್ಲಿ ನೀರು ಒಸರುತ್ತಿದ್ದರೆ ಮೊದಲೇ ತೋರಿಸಿ. ಶುರುವಾದ ಮೇಲೆ ಬಿಪಿ ಮತ್ತು ಮೂತ್ರದಲ್ಲಿ ಪ್ರೋಟೀನ್ ಆಗಾಗ ನೋಡಿಸಬೇಕು. ಇದ್ದಕ್ಕಿದ್ದಂತೆ ಜೋರು ತಲೆನೋವು, ನಿಲ್ಲದ ರಕ್ತಸ್ರಾವ, ಒಂದೇ ಕಾಲು ಊದಿಕೊಳ್ಳುವುದು, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಭೇಟಿಯವರೆಗೆ ಕಾಯಬೇಡಿ, ಅಣ್ಣನನ್ನು ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.