ತೊಳೆದುಹೋದ ಕೆಸರುಗೆರೆ

ಮುಂಬಯಿಯ ಕಲಿನಾದಲ್ಲಿ ನೆಲಮಹಡಿಯ ಮನೆ ಕೊಂಡಿರುವ ನೀವು, ನೆರೆಗೆಂದೇ ಪ್ರತ್ಯೇಕ ವಿಮೆ ಮಾಡಿಸಬೇಕೇ, ನೀರು ನುಗ್ಗಿದರೆ ಪರಿಹಾರ ಕೇಳುವುದು ಹೇಗೆ ಎಂದು ಬರೆದಿದ್ದೀರಿ. 1991ರಲ್ಲಿ ಕುಂದಾಪುರದಿಂದ ಮುಂಬಯಿಗೆ ಬಂದಿಳಿದಾಗ, ಮಳೆಯ ವಿಷಯದಲ್ಲಿ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಜಂಬ ನನಗಿತ್ತು. ನಮ್ಮ ಕಡೆಯ ನೀರಿಗೆ ಗದ್ದೆಯಿದೆ, ತೋಡಿದೆ. ಇಲ್ಲಿ ಸಮುದ್ರ ಉಬ್ಬರದಲ್ಲಿದ್ದರೆ ನೀರಿಗೆ ದಾರಿಯೇ ಇಲ್ಲವೆಂಬುದು ತಿಳಿದದ್ದು 2005ರ ಜುಲೈ 26ರಂದು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆಯಾಗಿ ಮೀಠಿ ನದಿ ಉಕ್ಕಿತು. ನನ್ನ ಹೊಲಿಗೆ ಅಂಗಡಿಯಲ್ಲಿ ಎದೆಮಟ್ಟ ನೀರು ನಿಂತಿತು.

ನೆರೆಗೆಂದು ಬೇರೆ ವಿಮೆ ಬೇಡ. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಬೆಂಕಿಯ ಜೊತೆಗೆ ಬಿರುಗಾಳಿಯೂ ನೆರೆಯೂ ಸೇರಿವೆ. ಕಟ್ಟಡಕ್ಕೆ ಮಾಡಿಸಿದರೆ ಅದರ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ, ಮನೆಸಾಮಾನಿಗೂ ಅನ್ವಯಿಸುತ್ತದೆ. ಚಿನ್ನದ ಒಡವೆಗಳನ್ನು ಬೇರೆಯಾಗಿ ಸೇರಿಸಬೇಕು.

ಅಂದು ನನ್ನ ಅಂಗಡಿಗೂ ವಿಮೆಯಿತ್ತು, ನೆರೆಯೂ ಅದರಲ್ಲಿ ಸೇರಿತ್ತು. ಆದರೆ ನೀರಿಳಿದ ಬೆಳಿಗ್ಗೆ, ಕೆಸರಿನ ನಡುವೆ ದೇವರಿಗೆ ದೀಪ ಹಚ್ಚುವುದು ಹೇಗೆಂಬ ಒಂದೇ ಚಿಂತೆಯಲ್ಲಿ (ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ) ನಾನೂ ಹೆಂಡತಿಯೂ ನೆನೆದ ಬಟ್ಟೆಯ ಥಾನುಗಳನ್ನೂ ಗಿರಾಕಿಗಳ ಅರೆಹೊಲಿದ ಉಡುಪುಗಳನ್ನೂ ಪಾಲಿಕೆಯ ಲಾರಿಗೆ ತುಂಬಿಸಿ, ಗೋಡೆಯ ಮೇಲೆ ನೀರು ಎಳೆದಿದ್ದ ಕೆಸರುಗೆರೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದೆವು. ಹತ್ತನೆಯ ದಿನ ವಿಮೆಗಾಗಿ ನಷ್ಟ ಅಂದಾಜಿಸಲು ಅಳತೆಪಟ್ಟಿ ಹಿಡಿದು ಬಂದ ಸರ್ವೇಯರ್, ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಸೌಜನ್ಯದಿಂದಲೇ ಕೇಳಿದರು. ನಾನು ಎದೆಯ ಮೇಲೆ ಕೈಯಿಟ್ಟು ತೋರಿಸಿದೆ. ಅವರು ಏನನ್ನೂ ಬರೆದುಕೊಳ್ಳಲಿಲ್ಲ. ಬಿಲ್ಲುಗಳು ಕಪಾಟಿನ ಕೆಳಗಿನ ಖಾನೆಯಲ್ಲಿ ಮುದ್ದೆಯಾಗಿದ್ದವು. ತುಕ್ಕು ಹಿಡಿದು ಕಣ್ಣೆದುರಿಗಿದ್ದ ಎರಡು ಹೊಲಿಗೆ ಯಂತ್ರಗಳಿಗಷ್ಟೇ ಹಣ ಬಂತು. ಗಿರಾಕಿಗಳ ಬಟ್ಟೆಯ ಸಾಲವನ್ನು ಮರುವರ್ಷದ ದೀಪಾವಳಿಯವರೆಗೂ ತೀರಿಸಿದೆ.

ಆದ್ದರಿಂದ ಮೊದಲು ಮೇನ್ ಸ್ವಿಚ್ ಆರಿಸಿ, ಅದೇ ದಿನ ಕಂಪನಿಗೆ ತಿಳಿಸಿ ಕ್ಲೇಮ್ ಸಂಖ್ಯೆ ಪಡೆಯಿರಿ, ಗೋಡೆಯ ಗೆರೆಗೆ ಅಳತೆಪಟ್ಟಿ ಹಿಡಿದು ಫೋಟೋ ತೆಗೆಯಿರಿ. ಕೊಳೆತು ನಾರುವುದನ್ನು ಎಸೆಯಲೇಬೇಕಾದರೆ ಕಂಪನಿಗೆ ಮೊದಲೇ ಬರೆದು ತಿಳಿಸಿ, ಫೋಟೋ ತೆಗೆದು, ಒಂದು ತುಂಡನ್ನಾದರೂ ಉಳಿಸಿಕೊಳ್ಳಿ. ಕಂದಾಯ ಇಲಾಖೆಯ ಸ್ಥಳೀಯ ಅಧಿಕಾರಿ (ತಲಾಠಿ) ನಷ್ಟ ನೋಡಿ ಬರೆಯುವ ಪಂಚನಾಮೆ ಸರ್ಕಾರದ ನೆರವಿಗೆ. ಸರ್ವೇಯರ್ ಬರುವುದು ವಿಮೆಗೆ. ಒಂದು ಆಯಿತೆಂದು ಇನ್ನೊಂದನ್ನು ಬಿಡಬೇಡಿ. ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಅಥವಾ ದೂರನ್ನು ತಳ್ಳಿಹಾಕಿದರೆ, ಒಂದು ವರ್ಷದೊಳಗೆ, ವಿಮಾ ಕಂಪನಿಗಳ ಮೇಲಿನ ದೂರುಗಳನ್ನು ವಿಚಾರಿಸುವ ವಿಮಾ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಈ ವ್ಯವಸ್ಥೆ ಅಂದೂ ಇತ್ತು, ನಾನು ವಿಚಾರಿಸಲಿಲ್ಲ.

ಪಾಲಿಸಿ, ಬಿಲ್ಲುಗಳ ಫೋಟೋಗಳನ್ನು ಊರಿನಲ್ಲಿರುವ ಯಾರಿಗಾದರೂ ಕಳುಹಿಸಿಡಿ. ನನ್ನವು ಈಗ ಅಣ್ಣನ ಬಳಿ ಇವೆ. ಆ ಮನೆಯ ಜಗಲಿಗೆ ಹೊಳೆ ಹತ್ತಿದ್ದು ನನಗೆ ನೆನಪಿಲ್ಲ.